ನಾಲ್ಕನೇ ಗೇಟಿನಲ್ಲಿ ಹತ್ತದ ಇಬ್ಬರು

ವಿಮಾನ ತಡವಾಗಲು ನೂರೆಂಟು ಕಾರಣಗಳಿರುತ್ತವೆ. ಮಂಜು ಕವಿದಿರಬಹುದು, ಚಕ್ರ ಕೈಕೊಟ್ಟಿರಬಹುದು, ಪೈಲಟ್ ಇನ್ನೂ ಬೇರೆ ಊರಲ್ಲೇ ಇರಬಹುದು. ಆದರೆ ನನ್ನ ಗೇಟಿನಿಂದಾಗಿ ತಡವಾಯಿತು ಎಂದು ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ. ಇಪ್ಪತ್ತೆರಡು ವರ್ಷ ನಾನು ವಿಮಾನ ನಿಲ್ದಾಣದ ನಾಲ್ಕನೇ ಗೇಟಿನಲ್ಲಿ ನಿಂತವಳು. ಪ್ರಯಾಣಿಕರ ಬೋರ್ಡಿಂಗ್ ಪಾಸನ್ನು ಸ್ಕ್ಯಾನ್ ಮಾಡಿ, ಯಂತ್ರ ಹಸಿರು ದೀಪ ತೋರಿಸಿದ ಮೇಲೆ ಅವರನ್ನು ವಿಮಾನದ ಕಡೆಗೆ ಬಿಡುವುದು ನನ್ನ ಕೆಲಸ. ಕೇಳಿದವರು ಇದೇನು ಮಹಾ ಅನ್ನುತ್ತಾರೆ. ಒಬ್ಬರು ಫೋನಿನಲ್ಲಿ ಜಗಳವಾಡುತ್ತಿರುತ್ತಾರೆ, ಒಬ್ಬರಿಗೆ ಆಗಲೇ ಶೌಚಾಲಯದ ನೆನಪಾಗಿರುತ್ತದೆ, ಒಬ್ಬರ ಕೈಚೀಲ ನಮ್ಮ ಮನೆ ಬೀರುವಿನಷ್ಟಿರುತ್ತದೆ. ಇಂಥ ನೂರೈವತ್ತು ಜನರನ್ನು ಮೂವತ್ತೈದು ನಿಮಿಷದಲ್ಲಿ ಒಂದೇ ಬಾಗಿಲಿನಿಂದ ಒಳಗೆ ಕಳಿಸಿ ನೋಡಿ, ಆಮೇಲೆ ಮಾತಾಡೋಣ. ಜೊತೆಯಲ್ಲಿ ಕೆಲಸ ಮಾಡುವವರು ನನ್ನನ್ನು ಬಾಗಿಲಮ್ಮ ಅನ್ನುತ್ತಾರೆ. ಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು, ಎದುರಿಗೇ ಅನ್ನಿ ಎಂದು ನಾನೇ ಅಪ್ಪಣೆ ಕೊಟ್ಟೆ.

ನಮ್ಮ ಮನೆಯವರಿಗೂ ಅದೇ ಕಂಪನಿಯಲ್ಲಿ ಕೆಲಸ. ಅದೇ ಕಟ್ಟಡದ ನೆಲಮಹಡಿಯಲ್ಲಿ ಟಿಕೆಟ್ ಹಣ ವಾಪಸ್ ಕೊಡುವ ವಿಭಾಗವಿದೆ, ಅಲ್ಲಿ ಹಿರಿಯ ಗುಮಾಸ್ತರು. ಹಣ ವಾಪಸ್ ಕೊಡದಿರುವ ವಿಭಾಗ ಎಂದು ನಾನು ರೇಗಿಸುತ್ತೇನೆ. ಔಷಧಿ ಡಬ್ಬಿಯೊಳಗೆ ಮಡಿಚಿಟ್ಟ ಚೀಟಿಯನ್ನೂ ಕೊನೆಯ ಸಾಲಿನವರೆಗೆ ಓದುವ ಮನುಷ್ಯ. ಸಜ್ಜನರೇ, ಆದರೆ ಕಾಗದದಲ್ಲಿ ಇಲ್ಲದ್ದು ಲೋಕದಲ್ಲೂ ಇಲ್ಲ ಎಂದು ನಂಬಿದವರು. ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ಆಫೀಸಿನ ಜಗಳವನ್ನು ಊಟದ ತಟ್ಟೆಯ ಮುಂದೆ ಬಿಚ್ಚಿಕೊಂಡು ಕೂರುತ್ತಿದ್ದೆವು. ಒಂದು ದಿನ ಅತ್ತೆ ಸೌಟು ಕೆಳಗಿಟ್ಟು, "ಚಪ್ಪಲಿ ಬಿಡೋ ಜಾಗದಲ್ಲೇ ಆಫೀಸನ್ನೂ ಬಿಟ್ಟು ಬರೋದಾದ್ರೆ ಒಳಗೆ ಬನ್ನಿ. ಇಲ್ಲಾಂದ್ರೆ ನಾಳೆಯಿಂದ ನೀವೇ ಬೇಯಿಸ್ಕೊಳ್ಳಿ" ಅಂದರು. ಅವತ್ತಿನಿಂದ ನಮ್ಮ ಮನೆಯೊಳಗೆ ಆಫೀಸಿನ ಒಂದು ಮಾತೂ ಆಡುವುದಿಲ್ಲ. ಇದರಿಂದ ಸಂಸಾರ ಸುಖವಾಗಿ ಸಾಗಿತು. ಒಂದು ಅನಾಹುತವೂ ಆಯಿತು, ಅದನ್ನೇ ಈಗ ಹೇಳುತ್ತಿದ್ದೇನೆ.

ಕಳೆದ ವರ್ಷ ಕಂಪನಿಗೆ ಹೊಸ ಹುರುಪು ಬಂದು, ಒಂದೇ ತಿಂಗಳಲ್ಲಿ ಎರಡು ನಿಯಮದ ಪುಸ್ತಕಗಳು ಹೊರಬಿದ್ದವು. ಹಸಿರು ರಟ್ಟಿನದು ಗೇಟಿನವರಿಗೆ. ಇನ್ನು ಮುಂದೆ ಮೊದಲು ಕಿಟಕಿ ಪಕ್ಕದ ಸೀಟಿನವರು ಹತ್ತಬೇಕು, ಆಮೇಲೆ ನಡುವಿನವರು, ಕೊನೆಗೆ ಓಡಾಡುವ ದಾರಿಯ ಪಕ್ಕದವರು. ಯಾರೂ ಯಾರ ಮಂಡಿಯನ್ನೂ ದಾಟಿ ಹೋಗಬೇಕಿಲ್ಲ, ಸಮಯ ಉಳಿಯುತ್ತದೆ ಅನ್ನುವುದು ಅವರ ಲೆಕ್ಕಾಚಾರ. ಅದನ್ನು ಬರೆದ ಪುಣ್ಯಾತ್ಮ ಸಂಸಾರಸ್ಥನಿರಲಾರ. ಗಂಡ ಕಿಟಕಿ, ಹೆಂಡತಿ ನಡುವೆ, ಮಗಳು ಕೊನೆ. ಒಂದೇ ಮನೆಯವರು ಮೂರು ಸಾಲಿನಲ್ಲಿ ನಿಂತು ಒಬ್ಬರನ್ನೊಬ್ಬರು ಕೂಗುತ್ತಿದ್ದರು. ಸರತಿ ತಪ್ಪಿ ಯಾರದಾದರೂ ಪಾಸು ತೋರಿಸಿದರೆ ಯಂತ್ರ ಕೆಂಪು ದೀಪ ಹಾಕಿ ಅರಚಿಕೊಳ್ಳುತ್ತಿತ್ತು.

ನೀಲಿ ರಟ್ಟಿನದು ನಮ್ಮವರ ವಿಭಾಗಕ್ಕೆ. ಅದರಲ್ಲಿ ಎರಡು ನಿಯಮಗಳು ಈ ಕಥೆಗೆ ಬೇಕು. ಹನ್ನೊಂದನೆಯದು ಒಳ್ಳೆಯದು: ಜೊತೆಗೊಬ್ಬರು ಇರಲೇಬೇಕಾದ ಪ್ರಯಾಣಿಕರು ಹೊಸ ಕ್ರಮದಿಂದ ಬೇರೆಬೇರೆಯಾಗಿ, ಅದೇ ಕಾರಣಕ್ಕೆ ಹತ್ತದೆ ಉಳಿದರೆ ಇಬ್ಬರ ಹಣವೂ ಪೂರ್ತಿ ವಾಪಸ್. ಹದಿನಾಲ್ಕನೆಯದು ಕಚ್ಚುವಂಥದ್ದು: ಹತ್ತಿದ್ದಾರೆ ಎಂದು ಗೇಟಿನ ಯಂತ್ರ ತೋರಿಸುತ್ತಿರುವಾಗ ಹತ್ತಿಲ್ಲವೆಂದು ಹಣ ಕೇಳಿದರೆ ಅದು ಸುಳ್ಳು ಅರ್ಜಿ; ಅಂಥವರ ಹೆಸರು ಪಟ್ಟಿಗೆ ಹೋಗುತ್ತದೆ, ಒಂದು ವರ್ಷ ಅವರಿಗೆ ಟಿಕೆಟ್ ಇಲ್ಲ.

ಹೊಸ ಕ್ರಮ ಬಂದ ಮೇಲೆ ಉಳಿದ ಗೇಟುಗಳೆಲ್ಲ ತಡವಾಗತೊಡಗಿದವು, ನನ್ನದು ಆಗಲಿಲ್ಲ. ಯಾಕೆಂದರೆ ನಾನೊಂದು ಉಪಾಯ ಕಂಡುಕೊಂಡಿದ್ದೆ. ಯಂತ್ರ ಒಂದು ಗುಂಪಿಗೆ ಬಾಗಿಲು ತೆರೆದ ತಕ್ಷಣ, ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ತೆಗೆದುಕೊಂಡು ನಾನೇ ಸಾಲಿನುದ್ದಕ್ಕೂ ನಡೆದುಬಿಡುತ್ತಿದ್ದೆ. ಜನ ಇನ್ನೂ ಹೊರಗೆ ಕುರ್ಚಿಗಳ ಮಧ್ಯೆ ನಿಂತಿರುವಾಗಲೇ ಅವರ ಪಾಸುಗಳೆಲ್ಲ ಸ್ಕ್ಯಾನ್ ಆಗಿರುತ್ತಿದ್ದವು. ಯಂತ್ರದ ಲೆಕ್ಕದಲ್ಲಿ ಅವರೆಲ್ಲ ಆಗಲೇ ವಿಮಾನದಲ್ಲಿ ಬೆಲ್ಟು ಬಿಗಿದು ಕೂತವರು. ಹೊಸ ಮ್ಯಾನೇಜರ್, ನನ್ನ ಮಗನ ವಯಸ್ಸಿನವರು, ಖುಷಿಯಿಂದ ನನ್ನ ಫೋಟೋ ತೆಗೆಸಿ ಸಿಬ್ಬಂದಿ ಕೋಣೆಯ ಗೋಡೆಗೆ ಹಾಕಿಸಿದರು. ಕೆಳಗೆ 'ತಡವಿಲ್ಲದ ಗೇಟು' ಎಂದು ಬರೆದು, ಎಷ್ಟು ದಿನವಾಯಿತೆಂದು ಪ್ರತಿದಿನ ಅಂಕಿ ಬದಲಿಸುತ್ತಿದ್ದರು. ನಾನು ದಿನಾ ಬೆಳಿಗ್ಗೆ ಮೊದಲು ಆ ಅಂಕಿ ನೋಡುತ್ತಿದ್ದೆ. ನಾಚಿಕೆ ಯಾಕೆ, ಅದನ್ನು ನೋಡಿದರೆ ನನಗೆ ಹೆಮ್ಮೆಯಾಗುತ್ತಿತ್ತು.

ಮುನ್ನೂರ ಹನ್ನೆರಡನೇ ದಿನ ಬೆಳಿಗ್ಗೆ ಒಬ್ಬ ಹೆಂಗಸು ತನ್ನ ಅಣ್ಣನ ಕೈ ಹಿಡಿದುಕೊಂಡು ಗೇಟಿಗೆ ಬಂದಳು. ಅವಳ ಕುತ್ತಿಗೆಯಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು, ಮನೆಯಿಂದ ಹೊರಡುವ ಅವಸರದಲ್ಲಿ ತೆಗೆಯಲು ಮರೆತಿದ್ದಳು. ನಾನು ತೋರಿಸಿದ ಮೇಲೆ ನಕ್ಕು ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಅವಳು ದರ್ಜಿ, ಅಂಗಡಿಯಲ್ಲಿ ಅವಳು ಹೊಲಿದರೆ ಅಣ್ಣ ಕಾಜಾ ಹಾಕಿ ಗುಂಡಿ ಹೊಲಿಯುವುದಂತೆ. ಅಣ್ಣನಿಗೆ ಅರವತ್ತರ ಸುಮಾರು, ತಿದ್ದಿ ಬಾಚಿದ ತಲೆ, ಅಂಗಿಯ ಎಲ್ಲ ಗುಂಡಿಗಳೂ ಕುತ್ತಿಗೆಯವರೆಗೆ.

"ಮೇಡಂ, ನಮ್ಮಣ್ಣನಿಗೆ ಕಿವಿ ಕೇಳ್ಸಲ್ಲ" ಅಂದಳು. "ನಾವು ಹೋಗೋ ಊರಲ್ಲಿ ಡಾಕ್ಟ್ರು ಆಪರೇಷನ್ ಮಾಡಿ ಕಿವಿಯೊಳಗೆ ಯಂತ್ರ ಕೂರಿಸ್ತಾರೆ. ಬಸ್ಸಲ್ಲಿ ಎರಡು ದಿನ ಕೂತ್ರೆ ಇವನಿಗೆ ತಲೆ ತಿರುಗಿ ಬಿದ್ದೇ ಹೋಗ್ತಾನೆ, ಅದಕ್ಕೆ ವಿಮಾನ. ಇವನದು ಕಿಟಕಿ, ನಂದು ಈ ಕೊನೆ. ಒಟ್ಟಿಗೇ ಬಿಡ್ತೀರಲ್ವಾ?"

"ಯಂತ್ರ ಬಿಡಲ್ಲ ಅಮ್ಮ, ನಾನು ಬಿಡ್ತೀನಿ" ಅಂದೆ. "ಇವರದು ಮೊದಲು ಸ್ಕ್ಯಾನ್ ಮಾಡಿ ಗಾಜಿನ ಬಾಗಿಲ ಒಳಗೆ ಗೋಡೆ ಪಕ್ಕ ನಿಲ್ಲಿಸ್ತೀನಿ. ನಿಮ್ಮ ಗುಂಪು ಬಂದಾಗ ಇಬ್ಬರೂ ಜೊತೆಗೆ ಹೋಗಿ."

ಹಸಿರು ಪುಸ್ತಕದಲ್ಲಿ ಹಾಗೆ ಇರಲಿಲ್ಲ, ಅದು ನನ್ನದೇ ಜಾಣತನ. ಅವಳು ಅಣ್ಣನ ಮುಖದ ಮುಂದೆ ನಿಧಾನವಾಗಿ ತುಟಿ ಆಡಿಸಿ ಎಲ್ಲ ಹೇಳಿದಳು. ಅವರು ತಲೆಯಾಡಿಸಿ ಒಳಗೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತರು. ನಾನು ಸಾಲಿನಲ್ಲಿ ನಡೆಯುತ್ತಾ ಹೋದೆ. ಕೊನೆಯ ಗುಂಪಿಗೆ ದೀಪ ಬಂದಾಗ ದರ್ಜಿಯ ಪಾಸನ್ನೂ ಸ್ಕ್ಯಾನ್ ಮಾಡಿದೆ. ಅವಳ ಮುಂದೆ ಇನ್ನೂ ಮೂವತ್ತು ಜನರಿದ್ದರು.

ಒಳಗಡೆ ಜನರನ್ನು ಮುಂದೆ ಸಾಗಿಸುವ ಸಿಬ್ಬಂದಿಗೆ ಇದೇನೂ ಗೊತ್ತಿರಲಿಲ್ಲ, ಯಾಕೆಂದರೆ ನಾನು ಹೇಳಿರಲಿಲ್ಲ. ಗೋಡೆ ಪಕ್ಕ ನಿಂತವರನ್ನು ನಡೀರಿ ಅಂದಿದ್ದಾರೆ. ಅವರು ಕದಲಲಿಲ್ಲ. ಮತ್ತೆ ಹೇಳಿ, ಕೊನೆಗೆ ಮೊಣಕೈ ಹಿಡಿದು ಮುಂದೆ ನಡೆಸಿದ್ದಾರೆ. ಕಿವಿ ಕೇಳದ ಮನುಷ್ಯ, ಯಾರೋ ತಳ್ಳುತ್ತಿದ್ದಾರೆ, ಹಿಂದೆ ತಿರುಗಿದರೆ ಗಾಜಿನಾಚೆ ಗುಂಪಿನಲ್ಲಿ ತಂಗಿ ಕಾಣುತ್ತಿಲ್ಲ. ಕೈ ಕೊಸರಿಕೊಂಡು, ಬರುವವರನ್ನೆಲ್ಲ ಸೀಳಿಕೊಂಡು ಹೊರಗೆ ಬಂದವರು ನನ್ನ ಮೇಜಿನ ಪಕ್ಕ ನೆಲದ ಮೇಲೆ ಕುಸಿದು ಕುಳಿತರು. ಮೇಜಿನ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಮೇಜೇ ನಡುಗುತ್ತಿತ್ತು.

ತಂಗಿ ಓಡಿಬಂದು ಅವರ ತಲೆಯನ್ನು ಎದೆಗೆ ಒತ್ತಿಕೊಂಡಳು. ನೀರು ಕುಡಿಸಿದಳು. ಆಮೇಲೆ ನನ್ನ ಕಡೆ ನೋಡಿ, "ಇವತ್ತು ಆಗಲ್ಲ ಮೇಡಂ. ಮನೆಗೆ ಕರ್ಕೊಂಡು ಹೋಗ್ತೀನಿ" ಅಂದಳು.

"ಹೋಗಿ ಅಮ್ಮ, ಏನೂ ಯೋಚನೆ ಮಾಡ್ಬೇಡಿ. ಇಂಥದ್ದಕ್ಕೆ ನಿಯಮ ಇದೆ, ಅರ್ಜಿ ಹಾಕಿ, ಪೂರ್ತಿ ದುಡ್ಡು ವಾಪಸ್ ಬರುತ್ತೆ. ನನ್ನ ಮಾತು" ಅಂದೆ.

ಅವರು ಹೋದರು. ಬಾಗಿಲು ಮುಚ್ಚಲು ನಾಲ್ಕು ನಿಮಿಷವಿತ್ತು. ಯಂತ್ರದಲ್ಲಿ ಆ ಇಬ್ಬರೂ ಹತ್ತಿದ್ದಾರೆ ಎಂದಿತ್ತು. ಅದನ್ನು ತೆಗೆಸಬೇಕೆಂದರೆ ಮ್ಯಾನೇಜರ್ ತಮ್ಮ ಕೋಣೆಯಿಂದ ಇಳಿದು ಬಂದು, ತಮ್ಮ ಗುಪ್ತಸಂಖ್ಯೆ ಒತ್ತಿ, ಹೆಸರುಗಳನ್ನು ಬಿಡಿಸಿ ಹೊಸದಾಗಿ ಲೆಕ್ಕ ತೆಗೆಯಬೇಕು. ಏನಿಲ್ಲವೆಂದರೂ ಏಳು ನಿಮಿಷ. ಅಂದರೆ ಮೂರು ನಿಮಿಷ ತಡ, ಗೋಡೆಯ ಮೇಲಿನ ಅಂಕಿ ಸೊನ್ನೆ. ನಾನು ವಿಮಾನದವರಿಗೆ ಕೊಡುವ ಹಾಳೆಯಲ್ಲಿ 'ಇಬ್ಬರು ಕಡಿಮೆ' ಎಂದು ಪೆನ್ನಿನಿಂದ ಬರೆದು ಕೊಟ್ಟೆ. ಅವರು ತಲೆ ಎಣಿಸಿ ಸರಿಯಿದೆ ಅಂದರು. ವಿಮಾನ ಸಮಯಕ್ಕೆ ಸರಿಯಾಗಿ ಹೊರಟಿತು. ವಿಮಾನ ಎದ್ದ ಮೇಲೆ ಯಂತ್ರದ ದಾಖಲೆಗೆ ಬೀಗ ಬೀಳುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಮರೆತೆ ಎಂದು ಬೇಕಾದರೆ ಹೇಳಬಹುದಿತ್ತು, ಆದರೆ ಮರೆತಿರಲಿಲ್ಲ. ಗೊತ್ತಿದ್ದೇ ಬಿಟ್ಟೆ.

ಹದಿನಾರು ದಿನವಾದ ಮೇಲೆ, ಮಧ್ಯಾಹ್ನದ ಬಿಡುವಿನಲ್ಲಿ, ಹೊರಗಿನ ದೊಡ್ಡ ಹಾಲಿನಲ್ಲಿ ಯಾರೋ ನಿಮಗಾಗಿ ಕಾಯುತ್ತಿದ್ದಾರೆ ಎಂದು ಕಾವಲಿನವರು ಹೇಳಿ ಕಳಿಸಿದರು. ಹೋಗಿ ನೋಡಿದರೆ ದರ್ಜಿ. ಬೆಳಿಗ್ಗೆ ಒಂಬತ್ತರಿಂದ ನಿಂತಿದ್ದಳಂತೆ. ಒಂದು ಪತ್ರ ಮುಂದೆ ಹಿಡಿದಳು.

'ನಮ್ಮ ದಾಖಲೆಯ ಪ್ರಕಾರ ತಾವಿಬ್ಬರೂ ಪ್ರಯಾಣ ಪೂರ್ಣಗೊಳಿಸಿರುತ್ತೀರಿ. ತಮ್ಮ ಅರ್ಜಿಯನ್ನು ಸುಳ್ಳು ಅರ್ಜಿ ಎಂದು ಪರಿಗಣಿಸಲಾಗಿದೆ. ನಿಯಮ ಹದಿನಾಲ್ಕರಂತೆ ಇಬ್ಬರ ಹೆಸರನ್ನೂ ಒಂದು ವರ್ಷದ ಅವಧಿಗೆ ಪಟ್ಟಿಗೆ ಸೇರಿಸಲಾಗಿದೆ.' ಕೆಳಗೆ ಸಹಿ. ಆ ಸಹಿಯನ್ನು ನಾನು ಮಕ್ಕಳ ಶಾಲೆಯ ಅಂಕಪಟ್ಟಿಯಿಂದ ಹಿಡಿದು ಮನೆಯ ಸಾಲದ ಕಾಗದದವರೆಗೆ ಎಲ್ಲ ಕಡೆ ನೋಡಿದ್ದೇನೆ. ನಮ್ಮ ಮನೆಯವರದು.

"ಡಾಕ್ಟ್ರು ಇನ್ನೊಂದು ತಾರೀಕು ಕೊಟ್ಟಿದ್ದಾರೆ, ಇವತ್ತಿಂದ ಹನ್ನೆರಡು ದಿನಕ್ಕೆ. ಅದೂ ತಪ್ಪಿದ್ರೆ ಇನ್ನು ಮುಂದಿನ ವರ್ಷವೇ" ಅಂದಳು. "ಟಿಕೆಟ್ ತೊಗೊಳ್ಳೋಕೆ ಹೋದ್ರೆ ನಮ್ಮಿಬ್ಬರ ಹೆಸರಿಗೆ ಕೊಡಲ್ವಂತೆ. ಅದಾದ್ರೂ ಹೋಗ್ಲಿ ಮೇಡಂ. ಈ ಕಾಗದ ಬಂದಾಗ ನಾನು ಅಂಗಡೀಲಿ ಇರ್ಲಿಲ್ಲ, ನಮ್ಮಣ್ಣನೇ ಓದ್ಬಿಟ್ಟ. 'ನಾನು ಹೆದರ್ಕೊಂಡಿದ್ದಕ್ಕೆ ನೀನು ಸುಳ್ಳುಗಾತಿ ಆದೆ' ಅಂತ ಬರೆದು ತೋರಿಸಿದ. ನಾಲ್ಕು ದಿನ ಆಯ್ತು, ಗುಂಡಿ ಮುಟ್ಟಿಲ್ಲ. ಡಾಕ್ಟ್ರೂ ಬೇಡ, ಕಿವಿನೂ ಬೇಡ ಅಂತಾನೆ. ನಾವು ಹತ್ತಿಲ್ಲ ಅನ್ನೋದನ್ನ ಕಣ್ಣಾರೆ ನೋಡ್ದೋರು ನೀವೊಬ್ಬರೇ."

"ಅಮ್ಮ, ಇದನ್ನ ನಾನು ಸರಿ ಮಾಡ್ಸ್ತೀನಿ. ನನ್ನ ಮಾತು..."

"ಆವತ್ತೂ ಹಾಗೇ ಅಂದಿದ್ರಿ" ಅಂದಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಕೆನ್ನೆಗೆ ಹೊಡೆದಿದ್ದರೆ ವಾಸಿಯಿತ್ತು.

ಸಂಜೆ ನಾನು ಮೊದಲು ಮನೆ ಸೇರಿ, ಬಾಗಿಲಲ್ಲಿ ಚಪ್ಪಲಿ ಗೂಡಿನ ಪಕ್ಕದ ಮೋಟು ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ನಮ್ಮವರು ಬಂದು ಒಂದು ಶೂ ಬಿಚ್ಚಿದ್ದರು.

"ಯಾಕೇ ಇಲ್ಲಿ ಕೂತಿದ್ದೀಯ? ಹುಷಾರಿಲ್ವಾ?"

"ಆಫೀಸು ವಿಷಯ ರೀ. ಒಳಗೆ ಆಡೋ ಹಾಗಿಲ್ಲವಲ್ಲ, ಇಲ್ಲೇ ಮಾತಾಡಿ" ಎಂದು ಪತ್ರದ ವಿಷಯ ತೆಗೆದೆ.

"ಓ, ಆ ಅಣ್ಣ ತಂಗಿ" ಅಂದರು. "ಚೆನ್ನಾಗೇ ಕಥೆ ಬರೆದಿದ್ರು. ಆದ್ರೆ ಇಬ್ಬರೂ ಹತ್ತಿದ್ದಾರೆ ಅಂತ ಯಂತ್ರ ಸ್ಪಷ್ಟವಾಗಿ ಹೇಳ್ತಿತ್ತಲ್ಲ."

"ಯಂತ್ರಕ್ಕೆ ಹಾಗಂತ ಹೇಳಿದ್ದೇ ನಾನು."

ಇನ್ನೊಂದು ಶೂ ಬಿಚ್ಚುವುದನ್ನು ಬಿಟ್ಟು ಅವರು ನೆಲದ ಮೇಲೆ ಕೂತರು. ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದೆ: ಸಾಲಿನಲ್ಲಿ ನಡೆಯುವ ನನ್ನ ಉಪಾಯ, ಗೋಡೆ ಪಕ್ಕ ನಿಲ್ಲಿಸಿದ್ದು, ಮೂರು ನಿಮಿಷದ ಆಸೆ.

"ನಿಮಗೆ ಒಂದು ಫೋನ್ ಮಾಡಿ ಕೇಳೋಕೆ ಏನಾಗಿತ್ರೀ? ನಾಲ್ಕನೇ ಗೇಟು ಅಂತ ಕಾಗದದಲ್ಲೇ ಇತ್ತಲ್ಲ. ಮೆಟ್ಟಿಲು ಹತ್ತಿದ್ರೆ ನಾನು ಮೇಲೇ ಇದ್ದೆ."

"ಕೇಳ್ಬೇಕು ಅಂತ ನಿಯಮದಲ್ಲಿ ಇಲ್ಲ" ಅಂದವರು, ತಮ್ಮ ಮಾತು ತಮಗೇ ಕೇಳಿಸಿದ ಹಾಗೆ ತಲೆ ತಗ್ಗಿಸಿದರು. ಆಮೇಲೆ ಮೆಲ್ಲಗೆ ಅಂದರು: "ಇದೊಂದೇ ಅಲ್ಲ ಕಣೇ. ಈ ವರ್ಷ ನಿನ್ನ ಗೇಟಿಂದ ಇಂಥವು ಇನ್ನೂ ಮೂರು ಬಂದಿದ್ವು. ಹತ್ತಿಲ್ಲ ಅಂತ ಅವರು, ಹತ್ತಿದ್ದಾರೆ ಅಂತ ಯಂತ್ರ. ಮೂರಕ್ಕೂ ನಾನೇ ಆಗಲ್ಲ ಅಂತ ಬರೆದು ಸಹಿ ಹಾಕ್ದೆ."

ಆ ಮೂವರು ಯಾರೆಂದು ನನಗೆ ನೆನಪಾಗಲೂ ಇಲ್ಲ. ಯಾವಾಗಲೋ ಸಾಲಿನಲ್ಲಿ ಸ್ಕ್ಯಾನ್ ಮಾಡಿಸಿಕೊಂಡು, ಆಮೇಲೆ ಏನೋ ಕಾರಣಕ್ಕೆ ತಿರುಗಿ ಹೋದವರು. ಅದು ನನ್ನನ್ನು ಇನ್ನೂ ಹೆಚ್ಚು ಕುಟುಕಿತು.

ಒಳಗಿನಿಂದ ಅತ್ತೆ ಬಂದರು. ಹೊಸ್ತಿಲಲ್ಲಿ ನಿಂತು ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದರೋ ಏನೋ. "ಆ ಹೆಣ್ಣುಮಗಳ ಕೆಲಸ ಮುಗಿಯೋವರೆಗೂ ಆಫೀಸನ್ನ ಒಳಗೇ ತೊಗೊಂಡು ಬನ್ನಿ" ಅಂದರು. "ಒಂದು ಕಾಲಲ್ಲಿ ಶೂ ಹಾಕ್ಕೊಂಡು ಬಾಗಿಲಲ್ಲಿ ಕೂತ್ಕೋಬೇಡ, ನೋಡಿದೋರು ಹೆಂಡತಿ ಹೊರಗೆ ಹಾಕಿದ್ದಾಳೆ ಅಂದ್ಕೋತಾರೆ."

ಊಟದ ಮೇಜಿನ ಮೇಲೆ ನೀಲಿ ಪುಸ್ತಕ ಬಿಚ್ಚಿಕೊಂಡಿತು. ಮೂವತ್ತೊಂದನೇ ನಿಯಮದಲ್ಲಿ ದಾರಿಯಿತ್ತು: ಸ್ಕ್ಯಾನ್ ಮಾಡಿದವರೇ ತಪ್ಪನ್ನು ತಮ್ಮ ಕೈಯಾರೆ ಬರೆದು ಕೊಟ್ಟರೆ ಬೀಗ ಬಿದ್ದ ದಾಖಲೆಯನ್ನೂ ತಿದ್ದಬಹುದು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಹಾಗೆ ಬರೆದುಕೊಟ್ಟವರ ಮೇಲೆ ವಿಚಾರಣೆ ನಡೆಯುತ್ತದೆ. ನಮ್ಮವರು ಸಣ್ಣ ಅಕ್ಷರವನ್ನು ಬೆರಳಿಟ್ಟು ಎರಡು ಸಲ ಓದಿದರು. "ಗೇಟಿಂದ ತೆಗೀತಾರೆ ನಿನ್ನ" ಅಂದರು.

"ತೆಗೀಲಿ. ಬಾಗಿಲು ನನ್ನ ಅಪ್ಪನ ಮನೇದಲ್ಲ" ಅಂದೆ.

ಮರುದಿನ ಬೆಳಿಗ್ಗೆ ಮ್ಯಾನೇಜರ್ ಹತ್ತಿರ ಹೋದೆ. ಅವರು ಕೆಟ್ಟವರಲ್ಲ. ಪೂರ್ತಿ ಕೇಳಿ, ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

"ಮೇಡಂ, ನೀವೇನೂ ಬರೀಬೇಡಿ. ಪಟ್ಟಿಯಿಂದ ಆ ಎರಡು ಹೆಸರು ಸದ್ದಿಲ್ಲದೆ ತೆಗೆಸ್ತೀನಿ. ಟಿಕೆಟ್ ದುಡ್ಡಿನಷ್ಟೇ ವೋಚರ್ ಕೊಡೋಣ, ಅದರಲ್ಲೇ ಅವರು ಹೋಗಿ ಬರ್ಲಿ. ನಿಮ್ಮ ಮುನ್ನೂರ ಚಿಲ್ಲರೆ ದಿನ ಯಾಕೆ ಹಾಳು ಮಾಡ್ಕೋತೀರಿ? ಮುಂದಿನ ತಿಂಗಳು ಎಲ್ಲಾ ಗೇಟುಗಳ ಮೇಲ್ವಿಚಾರಕಿ ಹುದ್ದೆಗೆ ನಿಮ್ಮ ಹೆಸರೇ ಕಳಿಸ್ಬೇಕು ಅಂತಿದ್ದೆ."

ಸುಳ್ಳು ಹೇಳಲಾರೆ, ಮನಸ್ಸು ಒಂದು ಗಳಿಗೆ ಆ ಕಡೆಗೆ ವಾಲಿತು. ದರ್ಜಿಗೆ ಬೇಕಾದ್ದು ಪ್ರಯಾಣ, ಅದು ಸಿಗುತ್ತದೆ. ನನ್ನ ಬಾಗಿಲು ನನಗೆ ಉಳಿಯುತ್ತದೆ. ಯಾರಿಗೇನು ನಷ್ಟ? ಅಲ್ಲೇ ಅವರ ಎದುರಿಗೇ ದರ್ಜಿಯ ಅಂಗಡಿಗೆ ಫೋನ್ ಮಾಡಿ ವಿಷಯ ಹೇಳಿದೆ. ಆ ಕಡೆ ಹೊಲಿಗೆ ಯಂತ್ರ ನಿಂತಿತು.

"ನಾವು ಸುಳ್ಳು ಹೇಳಿಲ್ಲ ಅಂತ ಬರೆದು ಕೊಡ್ತಾರಾ?"

"ಅದು ಬರೆಯಲ್ಲ ಅಮ್ಮ. ಹೆಸರು ಮಾತ್ರ ತೆಗೀತಾರೆ."

"ಹಾಗಾದ್ರೆ ನಮ್ಮಣ್ಣ ಬರಲ್ಲ ಮೇಡಂ. ಅವನು ಓದಿದ್ದು ಕಾಗದ, ಅವನಿಗೆ ಕಾಗದವೇ ಬೇಕು. ನಾನೂ ಅಷ್ಟೇ, ತಪ್ಪು ಹೊಲಿದ್ರೆ ಬಿಚ್ಚಿ ಹೊಲಿದು ಕೊಡ್ತೀನಿ. ಮೇಲೊಂದು ತೇಪೆ ಹಾಕಿ ಗಿರಾಕಿ ಕೈಗೆ ಕೊಡಲ್ಲ."

ನಾನು ಫೋನ್ ಇಟ್ಟು ಮ್ಯಾನೇಜರ್ ಮೇಜಿನಿಂದಲೇ ಒಂದು ಬಿಳಿ ಹಾಳೆ ಎಳೆದುಕೊಂಡೆ. "ಪೆನ್ನು ಕೊಡ್ತೀರಾ ಸರ್?" ಅಂದೆ. ಇಪ್ಪತ್ತೆರಡು ವರ್ಷದ ಅನುಭವದಲ್ಲಿ ನನಗೆ ಅರೆಬರೆ ಕೆಲಸ ಮಾಡಿ ಗೊತ್ತಿಲ್ಲ. ತಪ್ಪನ್ನು ಒಪ್ಪಿಕೊಳ್ಳುವುದೂ ಒಂದು ಕೆಲಸ, ಅದನ್ನೂ ನೆಟ್ಟಗೆ ಮಾಡಿದೆ. ಯಾರು, ಎಷ್ಟು ಹೊತ್ತಿಗೆ, ಎಲ್ಲಿ ನಿಂತಿದ್ದರು, ನಾನು ಎಲ್ಲಿ ನಿಂತು ಸ್ಕ್ಯಾನ್ ಮಾಡಿದೆ, ತಿದ್ದುವುದಕ್ಕೆ ಸಮಯವಿದ್ದೂ ಯಾಕೆ ತಿದ್ದಲಿಲ್ಲ ಎಂದು ಒಂದೂ ಬಿಡದೆ ಬರೆದೆ. ಉಳಿದ ಮೂರು ಅರ್ಜಿಗಳ ಸಂಖ್ಯೆಯನ್ನು ನಮ್ಮವರು ಚೀಟಿಯಲ್ಲಿ ಬರೆದು ಕೊಟ್ಟಿದ್ದರು, ಅವನ್ನೂ ಸೇರಿಸಿ, ಅವರು ಹೇಳಿದ್ದೂ ನಿಜವಿರಬೇಕು, ಮತ್ತೆ ತೆರೆದು ನೋಡಿ ಎಂದೆ. ಸಹಿ ಹಾಕಿ ಎದುರಿಗೆ ತಳ್ಳಿದಾಗ ಮ್ಯಾನೇಜರ್ ತಲೆಯ ಮೇಲೆ ಕೈ ಇಟ್ಟುಕೊಂಡರು.

ವಿಚಾರಣೆ ಐದು ದಿನಕ್ಕೆ ಮುಗಿಯಿತು. ಮೇಲಿನಿಂದ ಮೂವರು ಬಂದಿದ್ದರು. ಒಬ್ಬರು, "ಮೂರು ನಿಮಿಷಕ್ಕೋಸ್ಕರ ಇಷ್ಟೆಲ್ಲಾನಾ?" ಎಂದು ಕೇಳಿದರು. "ಹೌದು ಸರ್, ಮೂರೇ ನಿಮಿಷಕ್ಕೆ" ಅಂದೆ. "ಆದ್ರೆ ಆ ಮೂರು ನಿಮಿಷಕ್ಕೆ ಫೋಟೋ ಹಾಕಿದ್ದು ನೀವು. ಕಿವಿ ಕೇಳದೋರನ್ನ ಒಬ್ಬಂಟಿಯಾಗಿ ಮೊದಲು ಕಳಿಸಿ ಅಂತ ಪುಸ್ತಕ ಬರೆದಿದ್ದೂ ನೀವು. ನನ್ನ ಪಾಲಿನ ತಪ್ಪು ನಾನು ಬರೆದಿದ್ದೀನಿ. ಉಳಿದಿದ್ದು ನೀವು ಬರ್ಕೊಳ್ಳಿ." ಅವರಲ್ಲಿ ಹಿರಿಯರಾದ ಹೆಂಗಸೊಬ್ಬರು ನಗು ನುಂಗಿಕೊಂಡು ಏನೋ ಗುರುತು ಹಾಕಿಕೊಂಡರು. ಜೊತೆಯವರನ್ನು ಒಟ್ಟಿಗೆ ಹತ್ತಿಸಬೇಕು ಎಂಬ ತಿದ್ದುಪಡಿ ಅದೇ ವಾರ ಬಂತು. ಅದರಲ್ಲಿ ನನ್ನ ಹೆಸರೇನೂ ಇರಲಿಲ್ಲ, ನನ್ನ ಹೆಸರಿದ್ದದ್ದು ಇನ್ನೊಂದು ಆದೇಶದಲ್ಲಿ: ಆರು ತಿಂಗಳು ಗೇಟಿನ ಕೆಲಸವಿಲ್ಲ, ಹೊರಗಿನ ಹಾಲಿನಲ್ಲಿ ಜನರಿಗೆ ಸಾಲು ತೋರಿಸುವ ಕೆಲಸ. ಮೇಲ್ವಿಚಾರಕಿಯ ಹುದ್ದೆ ಎರಡನೇ ಗೇಟಿನವಳಿಗೆ ಹೋಯಿತು. ಫೋಟೋ ಗೋಡೆಯಿಂದ ಇಳಿಯಿತು. ಅದರಲ್ಲಿ ನನ್ನ ಮೂಗು ಹೇಗಿದ್ದರೂ ದಪ್ಪಗೆ ಬಂದಿತ್ತು.

ಹಣ ವಾಪಸ್ ಮಂಜೂರಾಯಿತು, ನಾಲ್ಕೂ ಅರ್ಜಿಗಳಿಗೆ. ಅಂಥ ಪತ್ರಕ್ಕೆ ಕಂಪನಿಯಲ್ಲಿ ಅಚ್ಚು ಹಾಕಿಟ್ಟ ಒಂದು ನಮೂನೆಯಿದೆ: 'ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ.' ಮೂವತ್ತು ವರ್ಷ ನಮೂನೆಯಲ್ಲಿ ಒಂದು ಅಲ್ಪವಿರಾಮ ಬದಲಿಸದ ನಮ್ಮವರು ಅದನ್ನು ಪಕ್ಕಕ್ಕಿಟ್ಟು ತಾವೇ ಬರೆದರು. ಬರೆದು ನನಗೆ ತೋರಿಸಲಿಲ್ಲ. ಅತ್ತೆ ಆಫೀಸಿಗೆ ಮತ್ತೆ ಹೊಸ್ತಿಲು ತೋರಿಸಿಯಾಗಿತ್ತು.

ಡಾಕ್ಟರು ಕೊಟ್ಟ ತಾರೀಕಿನ ಹಿಂದಿನ ದಿನ ಬೆಳಿಗ್ಗೆ ನಾನು ಹಾಲಿನಲ್ಲಿ ಹಗ್ಗ ಕಟ್ಟಿದ ಕಂಬಗಳ ನಡುವೆ ನಿಂತಿದ್ದೆ. ಗೇಟಿನ ಕಡೆಗೆ ಕಣ್ಣು ಹೋಗದಂತೆ ಬೆನ್ನು ಹಾಕಿ ನಿಲ್ಲುವುದನ್ನು ಅಷ್ಟರಲ್ಲಿ ಅಭ್ಯಾಸ ಮಾಡಿಕೊಂಡಿದ್ದೆ. ದರ್ಜಿ ಬಂದಳು. ಜೊತೆಗೆ ಅಣ್ಣನೂ ಬಂದಿದ್ದರು.

"ಗೇಟಲ್ಲಿ ನೀವೇ ಇರ್ತೀರಲ್ವಾ?" ಎಂದು ಕೇಳಿದಳು.

"ಇಲ್ಲ ಅಮ್ಮ. ಆರು ತಿಂಗಳು ನಾನು ಇಲ್ಲೇ."

ಅವಳಿಗೆ ಅರ್ಥವಾಯಿತು. ಮುಖ ಸಪ್ಪಗಾಯಿತು. "ನಮ್ಮಿಂದ ನಿಮಗೆ..."

"ನಿಮ್ಮಿಂದ ಅಲ್ಲ, ನನ್ನಿಂದ."

ಅಣ್ಣ ಜೇಬಿನಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದು, ಅದರೊಳಗೆ ಮಡಿಚಿಟ್ಟಿದ್ದ ನಮ್ಮವರ ಪತ್ರ ಬಿಚ್ಚಿ ನನ್ನ ಮುಂದೆ ಹಿಡಿದರು: 'ತಾವಿಬ್ಬರೂ ಹತ್ತಿರಲಿಲ್ಲ, ತಾವು ಬರೆದದ್ದೆಲ್ಲ ನಿಜ; ಸುಳ್ಳು ನಮ್ಮ ದಾಖಲೆಯದು, ಕೇಳದೆ ಸಹಿ ಹಾಕಿದ ತಪ್ಪು ನನ್ನದು.' ನಾನು ಓದಿ ಮುಗಿಸಿ, ಹಗ್ಗ ಬಿಚ್ಚಿ ಇಬ್ಬರನ್ನೂ ಒಟ್ಟಿಗೇ ಸಾಲಿಗೆ ಬಿಟ್ಟೆ.